ವಾಯುರಕ್ಷಣೆಯ ಸನ್ನದ್ಧತೆಯನ್ನು ಅಳೆಯುವುದು ಹೇಗೆ?

ಒಂದು ದೇಶದ ಸೈನ್ಯವು ಆಕಾಶಮಾರ್ಗವಾಗಿ ಬರುವ ಶತ್ರುವನ್ನು ತಡೆಯಲು ಸಿದ್ಧವಾಗಿದೆಯೇ ಎಂಬ ಪ್ರಶ್ನೆ ಎದ್ದಾಗ, ನಮ್ಮಲ್ಲಿ ಬಹುಮಂದಿ ಮೊದಲು ವಿಚಾರಿಸುವುದು ವಿಮಾನಗಳ ಸಂಖ್ಯೆಯನ್ನು, ಫಿರಂಗಿಗಳ ಸಂಖ್ಯೆಯನ್ನು. ಲೆಕ್ಕ ಕೇಳುವುದು ಸಹಜವೇ. ಆದರೆ ಈ ಲೆಕ್ಕವೊಂದನ್ನೇ ನೆಚ್ಚಿದವರು ಎಂತಹ ತಪ್ಪು ನಿರ್ಣಯಕ್ಕೆ ಬರುವರೆಂಬುದಕ್ಕೆ ಇತಿಹಾಸದಲ್ಲಿ ಒಂದು ಪ್ರಸಿದ್ಧವಾದ ನಿದರ್ಶನವಿದೆ.

1940ನೆಯ ಇಸವಿಯ ಜುಲೈ ತಿಂಗಳು. ಫ್ರಾನ್ಸ್ ದೇಶವು ಆಗಲೇ ಜರ್ಮನಿಗೆ ಶರಣಾಗಿತ್ತು. ಮುಂದಿನ ಸರದಿ ಬ್ರಿಟನ್ನಿನದು. ಜರ್ಮನ್ ವಾಯುಸೇನೆಯ ಬೇಹುಗಾರಿಕೆಯ ವಿಭಾಗವು ಯೋಸೆಫ್ ಷ್ಮಿಡ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಬ್ರಿಟಿಷರ ವಾಯುಬಲವನ್ನು ಕುರಿತು ಒಂದು ವರದಿಯನ್ನು ಸಿದ್ಧಪಡಿಸಿತು. ವಿಮಾನಗಳೆಷ್ಟು, ಅವು ಯಾವ ಬಗೆಯವು, ಅವನ್ನು ತಯಾರಿಸುವ ಕಾರ್ಖಾನೆಗಳ ಶಕ್ತಿಯೆಷ್ಟು ಎಂಬುದೆಲ್ಲ ಅದರಲ್ಲಿ ಇತ್ತು. ಬಲಾಬಲಗಳನ್ನು ತೂಗಿ ನೋಡಿ, ಜರ್ಮನಿಯ ಕೈಯೇ ಮೇಲೆಂದು ವರದಿ ಹೇಳಿತು. ಆದರೆ ಬ್ರಿಟನ್ನಿನ ಕಡಲ ದಡದುದ್ದಕ್ಕೂ ಎದ್ದು ನಿಂತಿದ್ದ ರೇಡಾರ್ ಗೋಪುರಗಳ ವಿಚಾರವಾಗಲಿ, ಆ ಗೋಪುರಗಳಿಂದ ಬಂದ ವರ್ತಮಾನವನ್ನು ವಿಮಾನಚಾಲಕನ ಕಿವಿಯವರೆಗೆ ಮುಟ್ಟಿಸುತ್ತಿದ್ದ ಏರ್ಪಾಡಿನ ವಿಚಾರವಾಗಲಿ ಅದರಲ್ಲಿ ಇರಲಿಲ್ಲ. ಎಣಿಸಬಹುದಾದುದನ್ನೆಲ್ಲ ಎಣಿಸಿದ್ದರು, ಎಣಿಕೆಗೆ ಸಿಗದ ಕೂಡುಕೊಂಡಿಗಳನ್ನು ಬಿಟ್ಟಿದ್ದರು. ಮುಂದಿನ ಮೂರು ತಿಂಗಳಲ್ಲಿ ಅವರ ನಿರೀಕ್ಷೆ ಸುಳ್ಳಾಯಿತು.

ಹಾಗಾದರೆ ವಾಯುರಕ್ಷಣೆಯ ಸಿದ್ಧತೆಯನ್ನು ಸರಿಯಾಗಿ ಅಳೆಯುವ ಬಗೆ ಯಾವುದು? ಬ್ರಿಟನ್ನಿನಲ್ಲಿ 1935ರಿಂದ 1941ರವರೆಗೆ ನಡೆದ ಪ್ರಯತ್ನಗಳನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ನಾವು ಇದನ್ನು ಪರಿಶೀಲಿಸೋಣ.

ಐದು ಕೊಂಡಿಗಳ ಸರಪಣಿ

ವಾಯುರಕ್ಷಣೆಯೆಂಬುದು ಒಂದು ಆಯುಧವಲ್ಲ. ಅದು ಒಂದರ ಹಿಂದೆ ಒಂದಾಗಿ ನಡೆಯಬೇಕಾದ ಕೆಲಸಗಳ ಸರಪಣಿ. ಮೊದಲನೆಯದು ಶತ್ರುವನ್ನು ದೂರದಿಂದಲೇ ಕಾಣುವುದು. ಎರಡನೆಯದು ಕಂಡದ್ದು ಶತ್ರುವೋ ಮಿತ್ರನೋ ಎಂದು ಗುರುತಿಸುವುದು. ಮೂರನೆಯದು ಆ ವರ್ತಮಾನವನ್ನು ತಿಳಿಯಬೇಕಾದವರಿಗೆ ತಿಳಿಸುವುದು. ನಾಲ್ಕನೆಯದು ಯಾರು, ಎಲ್ಲಿ, ಯಾವಾಗ ಎದುರಿಸಬೇಕೆಂದು ನಿರ್ಧರಿಸುವುದು. ಐದನೆಯದು ಹೋಗಿ ಹೊಡೆಯುವುದು. ಕೆರೆ ತುಂಬಿದ್ದರೂ ಕಾಲುವೆಯಲ್ಲಿ ಹೂಳು ತುಂಬಿದ್ದರೆ ಗದ್ದೆ ಒಣಗುವಂತೆ, ಇವುಗಳಲ್ಲಿ ಯಾವುದೊಂದು ಕೆಟ್ಟರೂ ಉಳಿದ ನಾಲ್ಕು ವ್ಯರ್ಥವಾಗುತ್ತವೆ.

ಇದನ್ನು ಸರಳ ಗಣಿತದಿಂದ ತಿಳಿಯಬಹುದು. ಒಂದೊಂದು ಕೊಂಡಿಯೂ ಹತ್ತು ಸಲದಲ್ಲಿ ಒಂಬತ್ತು ಸಲ ಸರಿಯಾಗಿ ಕೆಲಸ ಮಾಡುವುದೆಂದು ಇಟ್ಟುಕೊಳ್ಳೋಣ. ಬಿಡಿಯಾಗಿ ನೋಡಿದರೆ ಇದು ಉತ್ತಮವೇ. ಆದರೆ ಐದೂ ಒಟ್ಟಿಗೆ ಸರಿಯಾಗಿರುವ ಸಂಭವವನ್ನು ತಿಳಿಯಲು 0.9 ಎಂಬುದನ್ನು ಐದು ಸಲ ಗುಣಿಸಬೇಕು. ಬರುವ ಉತ್ತರ 0.59. ಎಂದರೆ ನೂರು ಸಲದಲ್ಲಿ 41 ಸಲ ಶತ್ರು ತಪ್ಪಿಸಿಕೊಂಡು ಹೋಗುತ್ತಾನೆ.

ಈಗ ನಾಲ್ಕು ಕೊಂಡಿಗಳು ಹಾಗೆಯೇ ಇದ್ದು, ವರ್ತಮಾನ ತಿಳಿಸುವ ಕೊಂಡಿ ಮಾತ್ರ ಹತ್ತರಲ್ಲಿ ಐದೇ ಸಲ ಕೆಲಸ ಮಾಡುವುದೆಂದು ಭಾವಿಸೋಣ. ಒಟ್ಟು ಫಲ 0.33ಕ್ಕೆ ಇಳಿಯುತ್ತದೆ. ಹೇರಳವಾಗಿ ಹಣ ಸುರಿದು, ಎಂದೂ ಗುರಿ ತಪ್ಪದ ಆಯುಧವನ್ನೇ ತಂದರೂ ಅದು 0.36ಕ್ಕೆ ಏರುತ್ತದೆ, ಅಷ್ಟೆ. ಅದರ ಬದಲು ವರ್ತಮಾನದ ಕೊಂಡಿಯನ್ನು ಉಳಿದವುಗಳ ಮಟ್ಟಕ್ಕೆ ತಂದರೆ ಫಲ ಮತ್ತೆ 0.59 ಆಗುತ್ತದೆ. ಆದುದರಿಂದ ಸಿದ್ಧತೆಯನ್ನು ಪರೀಕ್ಷಿಸುವವನು ಮೊದಲು ಹುಡುಕಬೇಕಾದುದು ಎಲ್ಲಕ್ಕಿಂತ ದುರ್ಬಲವಾದ ಕೊಂಡಿಯನ್ನು.

ನಿಮಿಷಗಳ ಲೆಕ್ಕ

ಎರಡನೆಯ ಅಳತೆಗೋಲು ಕಾಲ. ರೇಡಾರಿನ ಬಾನುಲಿ ತರಂಗಗಳು ಸೆಕೆಂಡಿಗೆ 3,00,000 ಕಿಲೊಮೀಟರು ಚಲಿಸುತ್ತವೆ. 150 ಕಿಲೊಮೀಟರು ದೂರದ ವಿಮಾನಕ್ಕೆ ತಾಗಿ ಪ್ರತಿಧ್ವನಿಯಂತೆ ಹಿಂದಿರುಗಲು ಅವಕ್ಕೆ ಬೇಕಾಗುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಆದರೆ ಇಷ್ಟು ವೇಗವಾಗಿ ಬಂದ ಸುದ್ದಿಯು ಟೆಲಿಫೋನಿನ ಬಳಿ ಮೂರು ನಿಮಿಷ ಕಾದು ಕುಳಿತರೆ ಆ ವೇಗದಿಂದ ಏನು ಪ್ರಯೋಜನ?

1940ರ ಪರಿಸ್ಥಿತಿಗೆ ಹತ್ತಿರವಾದ ಒಂದು ಲೆಕ್ಕವನ್ನು ಮಾಡಿ ನೋಡೋಣ. ಇಲ್ಲಿಯ ಅಂಕಿಗಳನ್ನು ಲೆಕ್ಕದ ಅನುಕೂಲಕ್ಕಾಗಿ ಆರಿಸಿಕೊಂಡಿದ್ದೇವೆ. ಬಾಂಬು ಹೊತ್ತ ವಿಮಾನವು ಗಂಟೆಗೆ 300 ಕಿಲೊಮೀಟರು, ಅಂದರೆ ನಿಮಿಷಕ್ಕೆ 5 ಕಿಲೊಮೀಟರು ವೇಗದಲ್ಲಿ ಬರುತ್ತಿದೆ. ಗುರಿಯಿಂದ 120 ಕಿಲೊಮೀಟರು ದೂರದಲ್ಲಿ ಅದು ರೇಡಾರಿಗೆ ಕಂಡಿತು. ರಕ್ಷಕರಿಗೆ ಉಳಿದಿರುವ ಕಾಲ 24 ನಿಮಿಷ. ಕಂಡದ್ದನ್ನು ಅಳೆದು ಟೆಲಿಫೋನಿನಲ್ಲಿ ಹೇಳಲು 1 ನಿಮಿಷ, ಬಂದ ವರದಿಗಳನ್ನು ಹೊಂದಿಸಿ ನೋಡಲು 1 ನಿಮಿಷ, ನಿರ್ಧಾರಕ್ಕೆ 1 ನಿಮಿಷ, ಚಾಲಕರು ಓಡಿಹೋಗಿ ವಿಮಾನವನ್ನು ನೆಲದಿಂದ ಎಬ್ಬಿಸಲು 2 ನಿಮಿಷ, 6,000 ಮೀಟರು ಎತ್ತರಕ್ಕೆ ಏರಲು 13 ನಿಮಿಷ, ಶತ್ರುವಿನ ಎದುರಿಗೆ ಹೋಗಲು 4 ನಿಮಿಷ. ಒಟ್ಟು 22. ಮಿಗುವುದು ಎರಡೇ ನಿಮಿಷ. ವರದಿಗಳನ್ನು ಹೊಂದಿಸುವ ಕೆಲಸ ಒಂದು ನಿಮಿಷಕ್ಕೆ ಬದಲು ಮೂರು ನಿಮಿಷ ಹಿಡಿಯಿತೆಂದರೆ, ಮಿಕ್ಕ ಕಾಲವೆಲ್ಲ ಅಲ್ಲಿಯೇ ಕರಗಿಹೋಗುತ್ತದೆ. ಮೇಜಿನ ಮುಂದೆ ಕಳೆದ ಎರಡು ನಿಮಿಷವೂ ರೇಡಾರಿನ ದೃಷ್ಟಿಯಲ್ಲಿ ಕಡಮೆಯಾದ ಹತ್ತು ಕಿಲೊಮೀಟರೂ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು.

ಗೋಪುರಗಳು ಏಳುವ ಮೊದಲೇ ನಡೆದ ಪರೀಕ್ಷೆ

1935ನೆಯ ಫೆಬ್ರವರಿ 26ರಂದು ಇಂಗ್ಲೆಂಡಿನ ಡ್ಯಾವೆಂಟ್ರಿ ಎಂಬ ಊರಿನ ಸಮೀಪದಲ್ಲಿ ರಾಬರ್ಟ್ ವಾಟ್ಸನ್-ವಾಟ್ ಮತ್ತು ಅವರ ಸಹಾಯಕರು, ಅಲ್ಲಿಯ ಬಾನುಲಿ ಕೇಂದ್ರದ ತರಂಗಗಳು ಹಾರುವ ವಿಮಾನಕ್ಕೆ ತಾಗಿ ಹಿಂದಿರುಗುವುದನ್ನು ತೋರಿಸಿಕೊಟ್ಟರು. ಕಾಣುವ ಸಾಧನವೊಂದು ಸಾಧ್ಯವೆಂದು ಸಿದ್ಧವಾಯಿತು. ಆದರೆ ಕಂಡಮೇಲೆ ಮಾಡುವುದೇನು? ಈ ಪ್ರಶ್ನೆಯನ್ನು ಹೆನ್ರಿ ಟಿಜರ್ಡ್ ಎಂಬ ವಿಜ್ಞಾನಿ ಬೇಗನೆ ಎತ್ತಿದರು.

ಅವರ ಪ್ರೇರಣೆಯಿಂದ 1936ರ ಆಗಸ್ಟ್ ತಿಂಗಳಲ್ಲಿ ಬಿಗಿನ್ ಹಿಲ್ ಎಂಬ ವಿಮಾನ ನಿಲ್ದಾಣದಲ್ಲಿ ಪ್ರಯೋಗಗಳು ಆರಂಭವಾದುವು. ರೇಡಾರ್ ಗೋಪುರಗಳ ಸಾಲು ಇನ್ನೂ ಎದ್ದಿರಲಿಲ್ಲ. ಆದರೂ, ರೇಡಾರ್ ಬಂದರೆ ಎಂತಹ ವರ್ತಮಾನ ಸಿಗಬಹುದೋ ಅಂತಹುದನ್ನೇ ಬೇರೆ ಉಪಾಯದಿಂದ ಒದಗಿಸಿ, ನೆಲದ ಮೇಲಿನ ಅಧಿಕಾರಿಯು ಆಕಾಶದಲ್ಲಿರುವ ತನ್ನ ವಿಮಾನವನ್ನು ಶತ್ರುವಿನ ಪಾತ್ರ ವಹಿಸಿದ ವಿಮಾನದ ಬಳಿಗೆ ನಡೆಸಬಲ್ಲನೇ ಎಂದು ಪರೀಕ್ಷಿಸಿದರು. ಸಾಧನ ಬರುವ ಮುನ್ನವೇ ಸಾಧನವನ್ನು ಬಳಸುವ ಕ್ರಮವನ್ನು ಅಭ್ಯಾಸ ಮಾಡಿದ ಈ ಪ್ರಯೋಗವು ವಾಯುರಕ್ಷಣೆಯ ಚರಿತ್ರೆಯಲ್ಲಿ ಮುಖ್ಯವಾದ ಹೆಜ್ಜೆ.

ಟಿಜರ್ಡ್ ಸೂಚಿಸಿದ ಒಂದು ಉಪಾಯವು ಪ್ರೌಢಶಾಲೆಯ ರೇಖಾಗಣಿತ ಬಲ್ಲವರಿಗೆಲ್ಲ ತಿಳಿಯುವಂಥದು. ರಕ್ಷಕ ವಿಮಾನದಿಂದ ಶತ್ರುವಿಮಾನಕ್ಕೆ ಒಂದು ಸರಳರೇಖೆ ಎಳೆಯಿರಿ. ಶತ್ರುವಿನ ದಾರಿಯು ಆ ರೇಖೆಯೊಡನೆ ಎಷ್ಟು ಕೋನ ಮಾಡುತ್ತದೆಯೋ ಅಷ್ಟೇ ಕೋನದಲ್ಲಿ, ರೇಖೆಯ ಅದೇ ಪಕ್ಕಕ್ಕೆ, ರಕ್ಷಕನನ್ನೂ ಕಳುಹಿಸಿರಿ. ಎರಡು ದಾರಿಗಳೂ ಸೇರಿದಾಗ ಸಮದ್ವಿಬಾಹು ತ್ರಿಭುಜವಾಗುತ್ತದೆ. ಎರಡು ಬಾಹುಗಳು ಸಮನಾದುದರಿಂದ, ವೇಗ ಸಮನಾಗಿದ್ದರೆ ಇಬ್ಬರೂ ಒಂದೇ ಕ್ಷಣದಲ್ಲಿ ಸಂಧಿಸುವರು; ರಕ್ಷಕನ ವೇಗ ಹೆಚ್ಚಾಗಿದ್ದರೆ ಅವನೇ ಮೊದಲು ತಲಪುವನು. ಕ್ಲಿಷ್ಟವಾದ ಲೆಕ್ಕ ಬೇಡ, ಯಂತ್ರ ಬೇಡ. ಕಣ್ಣಳತೆಯಿಂದಲೇ ಆದೇಶ ಕೊಡಬಹುದು.

ಮೊರದಲ್ಲಿ ಕೇರಿದ ವರ್ತಮಾನ

1938ರ ಬೇಸಗೆಯ ಹೊತ್ತಿಗೆ ಥೇಮ್ಸ್ ನದೀಮುಖದ ಸುತ್ತ ಐದು ರೇಡಾರ್ ಕೇಂದ್ರಗಳು ಕೆಲಸ ಮಾಡುತ್ತಿದ್ದುವು. ಆ ವರ್ಷದ ಅಣಕು ಯುದ್ಧದಲ್ಲಿ ಹೊಸ ತೊಡಕೊಂದು ಕಾಣಿಸಿತು. ಕೇಂದ್ರಗಳು ಹೆಚ್ಚಿದಂತೆ ವರ್ತಮಾನ ಸ್ಪಷ್ಟವಾಗುವ ಬದಲು ಗೊಂದಲವೇ ಹೆಚ್ಚಿತು. ಒಂದೇ ವಿಮಾನವನ್ನು ಎರಡು ಕೇಂದ್ರಗಳು ಕಂಡು ಎರಡು ಬೇರೆ ಸ್ಥಳಗಳನ್ನು ಹೇಳಿದರೆ, ನಕಾಶೆಯ ಮೇಲೆ ಶತ್ರುಗಳು ಇಬ್ಬರಾಗಿ ಬಿಡುತ್ತಿದ್ದರು. ಯಂತ್ರವು ಕೆಲಸ ಮಾಡುತ್ತಿತ್ತು. ಏರ್ಪಾಡು ಕೆಲಸ ಮಾಡುತ್ತಿರಲಿಲ್ಲ. ಇದನ್ನು ಮನಗಂಡ ರೋ ಎಂಬ ವಿಜ್ಞಾನಿ, ಯಂತ್ರಗಳನ್ನು ಕುರಿತು ನಡೆಯುವಂತೆಯೇ ಅವುಗಳ ಬಳಕೆಯನ್ನು ಕುರಿತೂ ಸಂಶೋಧನೆ ನಡೆಯಬೇಕೆಂದು ಸೂಚಿಸಿದರು. 'ಕಾರ್ಯಾಚರಣೆಯ ಸಂಶೋಧನೆ' ಎಂದು ಇಂದು ಪ್ರಸಿದ್ಧವಾಗಿರುವ ಶಾಸ್ತ್ರದ ಹುಟ್ಟು ಇಲ್ಲಿದೆ.

ತೊಡಕನ್ನು ಬಿಡಿಸಿದ ಬಗೆ ಹೀಗೆ. ಆ ಕಾಲದ ರೇಡಾರ್ ದೂರವನ್ನು ಚೆನ್ನಾಗಿ ಅಳೆಯುತ್ತಿತ್ತು. ದಿಕ್ಕನ್ನು ಹೇಳುವುದರಲ್ಲಿ ಅಷ್ಟು ನಂಬಿಕೆಗೆ ಅರ್ಹವಾಗಿರಲಿಲ್ಲ. ಆದುದರಿಂದ ಎರಡು ಕೇಂದ್ರಗಳು ಹೇಳಿದ ದೂರಗಳನ್ನೇ ತ್ರಿಜ್ಯಗಳಾಗಿ ಇಟ್ಟು ನಕಾಶೆಯ ಮೇಲೆ ಎರಡು ಕಂಸಗಳನ್ನು ಎಳೆದರೆ, ಅವು ಕತ್ತರಿಸುವ ಬಿಂದುವೇ ವಿಮಾನದ ನಿಜವಾದ ಸ್ಥಾನ. ಲಂಡನ್ನಿನ ಬಳಿಯ ಬೆಂಟ್ಲಿ ಪ್ರಯರಿ ಎಂಬ ಭವನದಲ್ಲಿ ಇದಕ್ಕಾಗಿ ಒಂದು ಶೋಧನ ಕೊಠಡಿ ಏರ್ಪಟ್ಟಿತು. ಮೊರದಲ್ಲಿ ಅಕ್ಕಿಯನ್ನು ಕೇರಿ ಹೊಟ್ಟು ಕಲ್ಲುಗಳನ್ನು ಬೇರ್ಪಡಿಸುವಂತೆ, ಬಂದ ವರದಿಗಳನ್ನು ಅಲ್ಲಿ ಕೇರಿ, ಒಂದು ದಾಳಿಗೆ ಒಂದೇ ಗುರುತನ್ನು ಉಳಿಸಿ ಮುಂದಕ್ಕೆ ಕಳುಹಿಸುತ್ತಿದ್ದರು. ರೇಡಾರ್ ಕೇಂದ್ರಗಳು ಕಡಲ ಕಡೆಗೆ ಮಾತ್ರ ನೋಡುತ್ತಿದ್ದುದರಿಂದ, ಶತ್ರುವು ದಡ ದಾಟಿ ಒಳನಾಡಿಗೆ ಬಂದಮೇಲೆ ಅವನ ಸುಳಿವನ್ನು ಕೊಡುವ ಭಾರ ವೀಕ್ಷಕ ದಳದ್ದು. ಸುಮಾರು 30,000 ಮಂದಿ ಸಾಮಾನ್ಯ ನಾಗರಿಕರು ಸುಮಾರು 1,000 ಠಾಣೆಗಳಲ್ಲಿ ಕುಳಿತು ಕಣ್ಣು ಕಿವಿಗಳಿಂದಲೇ ಈ ಕೆಲಸವನ್ನು ಮಾಡಿದರು.

ಕಾರ್ಯಾಚರಣೆಯ ಕೊಠಡಿಯ ಗಡಿಯಾರದಲ್ಲಿಯೂ ಒಂದು ಜಾಣ್ಮೆಯಿತ್ತು. ಐದೈದು ನಿಮಿಷಗಳ ಭಾಗಗಳಿಗೆ ಕೆಂಪು, ಹಳದಿ, ನೀಲಿ ಬಣ್ಣಗಳನ್ನು ಸರದಿಯಾಗಿ ಬಳಿದಿದ್ದರು. ನಿಮಿಷದ ಮುಳ್ಳು ಯಾವ ಬಣ್ಣದ ಮೇಲಿರುವಾಗ ವರದಿ ಬಂದಿತೋ ಅದೇ ಬಣ್ಣದ ಬಾಣದ ಗುರುತನ್ನು ಮೇಜಿನ ನಕಾಶೆಯ ಮೇಲೆ ಇಡುತ್ತಿದ್ದರು. ಮೇಲಿನ ಅಟ್ಟದಿಂದ ನೋಡುವ ಅಧಿಕಾರಿಗೆ ಯಾವ ಸುದ್ದಿ ಹೊಸದು, ಯಾವುದು ಹಳಸಿದ್ದು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಹಳೆಯ ಸುದ್ದಿಯನ್ನು ಹೊಸದೆಂದು ನಂಬುವುದು ಸುದ್ದಿಯೇ ಇಲ್ಲದಿರುವುದಕ್ಕಿಂತ ಅಪಾಯಕರವೆಂದು ಅವರು ಅರಿತಿದ್ದರು.

ಮೊದಲ ಬಲಿ

ಇಷ್ಟೆಲ್ಲ ಸಿದ್ಧತೆ ನಡೆದಿದ್ದರೂ ಒಂದು ಕೊಂಡಿ ಇನ್ನೂ ಸಡಿಲವಾಗಿಯೇ ಇತ್ತು. 1939ನೆಯ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧವನ್ನು ಸಾರಿತು. ಮೂರೇ ದಿನಗಳಲ್ಲಿ, 6ನೆಯ ತಾರೀಖಿನ ಬೆಳಗ್ಗೆ, ಶತ್ರುವಿಮಾನಗಳು ಬರುತ್ತಿವೆಯೆಂಬ ಸುಳ್ಳು ವರದಿಯೊಂದು ಹುಟ್ಟಿತು. ಪರೀಕ್ಷಿಸಲು ವಿಮಾನಗಳು ಏರಿದುವು. ಏರಿದ ಆ ವಿಮಾನಗಳೇ ಶತ್ರುಗಳೆಂದು ನಕಾಶೆಯ ಮೇಲೆ ದಾಖಲಾದುವು. ಅವುಗಳನ್ನು ತಡೆಯಲು ಇನ್ನಷ್ಟು ವಿಮಾನಗಳು ಹೊರಟುವು. ಕಡೆಗೆ ಸ್ಪಿಟ್‌ಫೈರ್ ವಿಮಾನಗಳು ತಮ್ಮ ಸೇನೆಯವೇ ಆದ ಎರಡು ಹರಿಕೇನ್ ವಿಮಾನಗಳನ್ನು ಹೊಡೆದುರುಳಿಸಿದುವು. ಮಾಂಟೇಗ್ ಹಲ್ಟನ್-ಹ್ಯಾರಪ್ ಎಂಬ ತರುಣ ಚಾಲಕನು ಮೃತನಾದನು. ಆ ಯುದ್ಧದಲ್ಲಿ ಮಡಿದ ಮೊದಲ ಬ್ರಿಟಿಷ್ ಹೋರಾಟದ ವಿಮಾನಚಾಲಕನು ತನ್ನವರ ಗುಂಡಿನಿಂದಲೇ ಮಡಿದನು.

ಕಾಣುವ ಕೊಂಡಿ ಇತ್ತು, ತಿಳಿಸುವ ಕೊಂಡಿ ಇತ್ತು, ಹೊಡೆಯುವ ಕೊಂಡಿಯೂ ಇತ್ತು. ಗುರುತಿಸುವ ಕೊಂಡಿ ಮಾತ್ರ ದುರ್ಬಲವಾಗಿತ್ತು. ಮಿತ್ರವಿಮಾನವು ರೇಡಾರಿನ ತೆರೆಯ ಮೇಲೆ ತನ್ನದೇ ಆದ ವಿಶೇಷ ಚಿಹ್ನೆಯನ್ನು ಮೂಡಿಸುವಂತೆ ಮಾಡುವ ಉಪಕರಣವನ್ನು ವಿಮಾನಗಳಲ್ಲಿ ಅಳವಡಿಸುವ ಕೆಲಸ ಇದರಿಂದಾಗಿ ಚುರುಕಾಯಿತು. ಪ್ರತಿ ನಿಮಿಷದಲ್ಲಿ 14 ಸೆಕೆಂಡುಗಳ ಕಾಲ ರಕ್ಷಕ ವಿಮಾನದಿಂದ ತಾನಾಗಿಯೇ ಹೊರಡುವ ಬಾನುಲಿ ಸಂಜ್ಞೆಯ ಮೂಲಕ ಅದರ ಸ್ಥಾನವನ್ನು ಕಂಡುಕೊಳ್ಳುವ ಕ್ರಮವೂ ಬಳಕೆಯಲ್ಲಿತ್ತು. ಆಕಾಶವನ್ನು ಕಾಯುವವನಿಗೆ ಶತ್ರುವಿನ ಸ್ಥಾನದಷ್ಟೇ ತನ್ನವರ ಸ್ಥಾನವೂ ತಿಳಿದಿರಬೇಕು.

ಏಟು ಬಿದ್ದಾಗ ಉಳಿಯುವುದು

ಸಿದ್ಧತೆಯನ್ನು ಅಳೆಯಲು ಒಂದು ಗೊತ್ತಾದ ಅಳತೆ ಬೇಕು. ರಕ್ಷಣೆಯ ಮುಖ್ಯಸ್ಥರಾಗಿದ್ದ ಹ್ಯೂ ಡೌಡಿಂಗ್ 1940ನೆಯ ಮೇ 16ರಂದು ಸರಕಾರಕ್ಕೆ ಬರೆದ ಪತ್ರದಲ್ಲಿ, ದೇಶರಕ್ಷಣೆಗೆ ಅಗತ್ಯವೆಂದು ಅಂದಾಜು ಮಾಡಿದ್ದುದು 52 ಸ್ಕ್ವಾಡ್ರನ್‌ಗಳು, ಈಗ ತಮ್ಮಲ್ಲಿ ಉಳಿದಿರುವುದು 36ಕ್ಕೆ ಸಮನಾದ ಬಲ ಎಂದು ತಿಳಿಸಿದರು. ಫ್ರಾನ್ಸಿಗೆ ಇನ್ನೂ ವಿಮಾನಗಳನ್ನು ಕಳುಹಿಸಿದರೆ ಮನೆಯ ಕಾವಲೇ ಕುಸಿಯುವುದೆಂದು ಎಚ್ಚರಿಸಿದರು. ಇಲ್ಲಿಯೂ ಎಣಿಕೆ ಇದೆ. ಆದರೆ ಇದು ಬರಿಯ ಎಣಿಕೆಯಲ್ಲ. ಇಂತಹ ಕೆಲಸಕ್ಕೆ ಇಷ್ಟು ಬೇಕು, ಇರುವುದು ಇಷ್ಟು ಎಂಬ ಹೋಲಿಕೆ.

ಆಗಸ್ಟ್ 12ರಂದು ಜರ್ಮನ್ ವಿಮಾನಗಳು ನಾಲ್ಕು ರೇಡಾರ್ ಕೇಂದ್ರಗಳ ಮೇಲೆ ಬಾಂಬು ಹಾಕಿದುವು. ಮೂರು ಕೇಂದ್ರಗಳು ಕೆಲವೇ ಗಂಟೆಗಳಲ್ಲಿ ಕೆಲಸಕ್ಕೆ ಮರಳಿದುವು. ವೆಂಟ್ನರ್ ಎಂಬಲ್ಲಿಯ ಕೇಂದ್ರ ಮಾತ್ರ ಹಲವು ದಿನ ನಿಂತುಹೋಯಿತು; ಆ ಬಿಡುವು ಶತ್ರುವಿಗೆ ತಿಳಿಯದಂತೆ ಬೇರೊಂದು ಪ್ರೇಷಕದಿಂದ ಸಂಜ್ಞೆಗಳನ್ನು ಕಳುಹಿಸುತ್ತಿದ್ದರು. ಮೂರು ದಿನಗಳ ಮೇಲೆ ಜರ್ಮನ್ ವಾಯುಸೇನೆಯ ಮುಖ್ಯಸ್ಥ ಗೋರಿಂಗ್, ಇದುವರೆಗೆ ಒಂದು ಕೇಂದ್ರವೂ ನಿಂತಂತೆ ಕಾಣದಿರುವಾಗ ಈ ದಾಳಿಗಳಿಂದ ಪ್ರಯೋಜನವುಂಟೇ ಎಂದು ಸಂಶಯಪಟ್ಟನು. ಆ ಕೊಂಡಿಯ ಬೆಲೆ ಅವನಿಗೆ ತಿಳಿದಿರಲಿಲ್ಲ.

ಬ್ರಿಟಿಷರ ಏರ್ಪಾಡು ನಿರ್ದೋಷವಾಗಿತ್ತೆಂದು ಇದರ ಅರ್ಥವಲ್ಲ. ವಿಮಾನ ನಿಲ್ದಾಣಗಳಲ್ಲಿದ್ದ ನಿಯಂತ್ರಣ ಕೊಠಡಿಗಳಲ್ಲಿ ಹಲವು ನೆಲದ ಮೇಲೆಯೇ, ಸಾಕಷ್ಟು ಮರೆಯಿಲ್ಲದೆ ಇದ್ದುವು. ಆಗಸ್ಟ್ ತಿಂಗಳ ಕೊನೆಯಲ್ಲಿ ಬಿಗಿನ್ ಹಿಲ್ ನಿಲ್ದಾಣ ಮೇಲಿಂದ ಮೇಲೆ ದಾಳಿಗೆ ತುತ್ತಾದಾಗ, ಅಲ್ಲಿಯ ನಿಯಂತ್ರಣವನ್ನು ಹತ್ತಿರದ ಹಳ್ಳಿಯ ಒಂದು ಅಂಗಡಿಗೆ ಸಾಗಿಸಬೇಕಾಯಿತು. ಕಡಿದ ಟೆಲಿಫೋನ್ ತಂತಿಗಳನ್ನು ಬಾಂಬುಗಳ ನಡುವೆಯೇ ಜೋಡಿಸಿದ ಕೆಲಸಗಾರರು ಚಾಲಕರಷ್ಟೇ ಆ ಜಯಕ್ಕೆ ಪಾಲುದಾರರು. ಒಂದು ಕೊಂಡಿ ಮುರಿದರೆ ಅದನ್ನು ಎಷ್ಟು ಹೊತ್ತಿನಲ್ಲಿ ಬೆಸೆಯಬಲ್ಲೆವು ಎಂಬುದೂ ಸಿದ್ಧತೆಯ ಒಂದು ಅಳತೆ.

ಕಂಡೂ ಕಾಣದ ದಾಳಿ

ಇದಕ್ಕೆ ತೀರ ವಿರುದ್ಧವಾದ ನಿದರ್ಶನ ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ ದೊರೆಯುತ್ತದೆ. 1941ನೆಯ ಡಿಸೆಂಬರ್ 7ರ ಬೆಳಗ್ಗೆ ಓವಾಹು ದ್ವೀಪದ ಓಪಾನಾ ಎಂಬಲ್ಲಿ ಇಬ್ಬರು ಅಮೆರಿಕನ್ ಸೈನಿಕರು ಒಂದು ರೇಡಾರನ್ನು ನಡೆಸುತ್ತಿದ್ದರು. ಅವರ ಪಾಳಿ 7 ಗಂಟೆಗೆ ಮುಗಿಯಿತು. ಉಪಾಹಾರಕ್ಕೆ ಕರೆದೊಯ್ಯುವ ಲಾರಿ ಬರುವುದು ತಡವಾದುದರಿಂದ ಅಭ್ಯಾಸಕ್ಕೆಂದು ಯಂತ್ರವನ್ನು ಆರಿಸದೆ ಇಟ್ಟರು. 7 ಗಂಟೆ 2 ನಿಮಿಷಕ್ಕೆ 200 ಕಿಲೊಮೀಟರಿಗೂ ಹೆಚ್ಚು ದೂರದಲ್ಲಿ ದೊಡ್ಡದೊಂದು ವಿಮಾನಸಮೂಹ ತೆರೆಯ ಮೇಲೆ ಮೂಡಿತು. ಅವರು ವರ್ತಮಾನ ಕೇಂದ್ರಕ್ಕೆ ಟೆಲಿಫೋನ್ ಮಾಡಿದರು.

ಕೇಂದ್ರದಲ್ಲಿ 7 ಗಂಟೆಗೇ ಎಲ್ಲರೂ ಹೊರಟುಹೋಗಿದ್ದರು. ಉಳಿದಿದ್ದವರು ಟೆಲಿಫೋನ್ ನೋಡಿಕೊಳ್ಳುವವನೊಬ್ಬ, ಆ ಕೆಲಸಕ್ಕೆ ಹೊಸಬನಾದ ಕಿರಿಯ ಅಧಿಕಾರಿಯೊಬ್ಬ. ಸ್ವದೇಶದಿಂದ ತಮ್ಮವೇ ಆದ ಕೆಲವು ದೊಡ್ಡ ವಿಮಾನಗಳು ಅಂದು ಬರಲಿದ್ದುವು. ಕಂಡವು ಅವೇ ಇರಬೇಕೆಂದು ಅಧಿಕಾರಿ ಭಾವಿಸಿದನು. ಬಂದ ವಿಮಾನ ಯಾರದೆಂದು ಹೇಳಬಲ್ಲ ಪ್ರತಿನಿಧಿಗಳಾರೂ ಅವನ ಬಳಿ ಇರಲಿಲ್ಲ. 7 ಗಂಟೆ 55 ನಿಮಿಷದ ಹೊತ್ತಿಗೆ ಪರ್ಲ್ ಬಂದರಿನ ಮೇಲೆ ಜಪಾನೀ ಬಾಂಬುಗಳು ಬೀಳತೊಡಗಿದುವು. ಅಂದು 2,403 ಮಂದಿ ಅಮೆರಿಕನರು ಪ್ರಾಣ ಕಳೆದುಕೊಂಡರು.

ರೇಡಾರ್ ತನ್ನ ಕೆಲಸವನ್ನು ಮಾಡಿತ್ತು; ಐವತ್ತು ನಿಮಿಷಕ್ಕೂ ಹೆಚ್ಚಿನ ಎಚ್ಚರಿಕೆಯನ್ನು ಕೊಟ್ಟಿತ್ತು. ಮೇಲಿನ ನಮ್ಮ ಲೆಕ್ಕದ 24 ನಿಮಿಷಗಳಿಗೆ ಹೋಲಿಸಿದರೆ ಇದು ಎರಡರಷ್ಟು. ಆದರೆ ಆ ನಿಮಿಷಗಳನ್ನು ಬಳಸುವ ಏರ್ಪಾಡೇ ಹುಟ್ಟಿರಲಿಲ್ಲ. ಆ ಕಿರಿಯ ಅಧಿಕಾರಿಯೊಬ್ಬನನ್ನೇ ದೂರುವುದು ನ್ಯಾಯವಲ್ಲ; ತರಬೇತಿಯಾಗಲಿ ಸಹಾಯಕರಾಗಲಿ ಅವನಿಗೆ ಇರಲಿಲ್ಲ. ಯಂತ್ರ ತಂದು ಇಟ್ಟುದನ್ನೇ ಸಿದ್ಧತೆಯೆಂದು ಎಣಿಸಿದುದು ಅಲ್ಲಿಯ ದೋಷ.

ಅಳತೆಯೇ ದಾರಿ ತಪ್ಪಿಸಿದಾಗ

ಅಳೆಯುವುದು ಒಳ್ಳೆಯದೇ, ಆದರೆ ತಪ್ಪಾಗಿ ಅಳೆದರೆ ಇನ್ನೊಂದು ಬಗೆಯ ಮೋಸವಾಗುತ್ತದೆ. 1940ರಲ್ಲಿ ಬ್ರಿಟನ್ನಿನ ವಿಮಾನನಿರೋಧಕ ಫಿರಂಗಿದಳಕ್ಕೆ ಸಲಹೆ ಕೊಡಲು ಪ್ಯಾಟ್ರಿಕ್ ಬ್ಲ್ಯಾಕೆಟ್ ಎಂಬ ಭೌತವಿಜ್ಞಾನಿ ನೇಮಕವಾದರು. 1948ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು ಇವರೇ. ಫಿರಂಗಿಗಳಿಗೆ ರೇಡಾರ್ ಬಂದಿತ್ತು. ರೇಡಾರ್ ಕೊಟ್ಟ ಅಂಕಿಗಳನ್ನು ಫಿರಂಗಿಯ ಗುರಿಯಾಗಿ ಮಾರ್ಪಡಿಸುವ ಕ್ರಮ ಬಂದಿರಲಿಲ್ಲ. ಬ್ಲ್ಯಾಕೆಟ್ಟರ ತಂಡವು ಈ ಕೊಂಡಿಯನ್ನೇ ಹಿಡಿದು ದುಡಿಯಿತು. ಒಂದು ವಿಮಾನವನ್ನು ಉರುಳಿಸಲು ಮೊದಲು ಸರಾಸರಿ 20,000ಕ್ಕೂ ಹೆಚ್ಚು ಗುಂಡುಗಳು ವೆಚ್ಚವಾಗುತ್ತಿದ್ದುವು. 1941ರಲ್ಲಿ ಆ ಸಂಖ್ಯೆ ಸುಮಾರು 4,000ಕ್ಕೆ ಇಳಿಯಿತು.

ಲೆಕ್ಕಗಳನ್ನು ನೋಡುವಾಗ ಒಂದು ವಿಚಿತ್ರ ಕಂಡುಬಂದಿತು. ಒಳನಾಡಿನ ಫಿರಂಗಿಗಳಿಗಿಂತ ಕಡಲ ದಡದ ಫಿರಂಗಿಗಳು ಕಡಮೆ ಗುಂಡುಗಳಲ್ಲಿಯೇ ವಿಮಾನಗಳನ್ನು ಉರುಳಿಸಿದಂತೆ ತೋರಿತು. ದಡದವರ ಕೌಶಲಕ್ಕೆ ಕಾರಣವೇನೆಂದು ನಾನಾ ಬಗೆಯಾಗಿ ಯೋಚಿಸಿದರು. ಕಡೆಗೆ ತಿಳಿದದ್ದು ಇಷ್ಟೆ: ಒಳನಾಡಿನಲ್ಲಿ ವಿಮಾನ ಬಿದ್ದಿತೆಂದು ಹೇಳಿದರೆ ಅದರ ಅವಶೇಷವನ್ನು ಹೋಗಿ ನೋಡಿ ಒರೆಗೆ ಹಚ್ಚಬಹುದು, ಸಮುದ್ರದಲ್ಲಿ ಬಿದ್ದಿತೆಂದರೆ ನೋಡುವವರಾರು? ಸುಳ್ಳು ಹೇಳಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ. ಒರೆಗಲ್ಲು ಇಲ್ಲದ ಕಡೆ ಆಸೆಯೇ ಲೆಕ್ಕವನ್ನು ಬರೆಯಿತು. ಸಿದ್ಧತೆಯ ವರದಿಯನ್ನು ಓದುವವರು ಈ ಮಾತನ್ನು ಮರೆಯಬಾರದು. 'ಎಲ್ಲವೂ ಸರಿಯಾಗಿದೆ' ಎಂದು ಬರೆದವನು ಯಾವುದನ್ನು ನೋಡಿ ಬರೆದನು ಎಂದು ಕೇಳಬೇಕು.

ಇಂದಿನ ಆಕಾಶ

ಇಂದು ವಿಮಾನಗಳ ವೇಗ ಹೆಚ್ಚಿದೆ, ಫಿರಂಗಿಗಳ ಜೊತೆಗೆ ಕ್ಷಿಪಣಿಗಳು ಬಂದಿವೆ, ವರ್ತಮಾನವನ್ನು ಗಣಕಯಂತ್ರಗಳು ಸಾಗಿಸುತ್ತವೆ. ಆದರೂ ಹಳೆಯ ಲೆಕ್ಕ ಅಳಿದಿಲ್ಲ, ಇನ್ನೂ ಬಿಗಿಯಾಗಿದೆ. ಭೂಮಿ ಗುಂಡಾಗಿರುವುದರಿಂದ ತಗ್ಗಿನಲ್ಲಿ ಹಾರುವ ವಿಮಾನವು ದಿಗಂತದ ಮರೆಯಲ್ಲಿ ಬರುತ್ತದೆ. 30 ಮೀಟರು ಎತ್ತರದ ಕಂಬದ ಮೇಲಿರುವ ರೇಡಾರಿಗೆ, 60 ಮೀಟರು ಎತ್ತರದಲ್ಲಿ ಬರುವ ವಿಮಾನ ಕಾಣಿಸುವುದು ಸುಮಾರು 55 ಕಿಲೊಮೀಟರು ದೂರದಲ್ಲಿ. ಗಂಟೆಗೆ 900 ಕಿಲೊಮೀಟರು ವೇಗದಲ್ಲಿ ಅದು ನಾಲ್ಕು ನಿಮಿಷ ತುಂಬುವ ಮೊದಲೇ ನೆತ್ತಿಯ ಮೇಲಿರುತ್ತದೆ. ಐದು ಕೊಂಡಿಗಳ ಕೆಲಸವೆಲ್ಲ ಅಷ್ಟರೊಳಗೆ ಮುಗಿಯಬೇಕು.

ಗುರುತಿಸುವ ಕೊಂಡಿಯ ಅಪಾಯವೂ ತೀರಿಲ್ಲ. 2003ನೆಯ ಮಾರ್ಚ್ 23ರಂದು, ಇರಾಕ್ ಯುದ್ಧದಲ್ಲಿ, ಅಮೆರಿಕದ ಒಂದು ಪೇಟ್ರಿಯಟ್ ಕ್ಷಿಪಣಿದಳವು ತನ್ನ ಮಿತ್ರರಾದ ಬ್ರಿಟಿಷರ ಟೊರ್ನೇಡೊ ವಿಮಾನವನ್ನು ಹೊಡೆದು ಉರುಳಿಸಿತು. ಅದರಲ್ಲಿದ್ದ ಇಬ್ಬರೂ ಮಡಿದರು. ವಿಮಾನದಲ್ಲಿ ಮಿತ್ರತ್ವವನ್ನು ಸಾರುವ ಉಪಕರಣ ಕೆಲಸ ಮಾಡಿರಲಿಲ್ಲವೆಂದೂ, ಕ್ಷಿಪಣಿದಳಕ್ಕೆ ಇತರರೊಡನೆ ವರ್ತಮಾನ ಹಂಚಿಕೊಳ್ಳುವ ಸ್ವಂತ ಸಲಕರಣೆ ಬಂದು ಸೇರಿರಲಿಲ್ಲವೆಂದೂ ಬ್ರಿಟಿಷರ ವಿಚಾರಣೆಯಲ್ಲಿ ಹೊರಬಿದ್ದಿತು. 1939ರ ಬೆಳಗಿಗೂ ಇದಕ್ಕೂ ನಡುವೆ 63 ವರ್ಷಗಳು ಕಳೆದಿದ್ದರೂ ಸಡಿಲವಾದ ಕೊಂಡಿ ಅದೇ.

ಕರ್ಣಾಟಕದ ವಾಚಕರಿಗೆ ಈ ವಿಷಯ ದೂರದ್ದಲ್ಲ. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1954ರಲ್ಲಿ ಸ್ಥಾಪಿತವಾದುದು ಬೆಂಗಳೂರಿನಲ್ಲಿ. ದೇಶದ ಸೇನೆಗಳಿಗಾಗಿ ರೇಡಾರುಗಳನ್ನು ರೂಪಿಸುವ ಸರಕಾರಿ ಸಂಶೋಧನಾಲಯ ಇರುವುದೂ ಅಲ್ಲಿಯೇ. 'ಆಕಾಶ್' ಕ್ಷಿಪಣಿಗೆ ದಾರಿ ತೋರುವ 'ರಾಜೇಂದ್ರ' ರೇಡಾರ್ ಆ ಸಂಶೋಧನಾಲಯದ ಕೊಡುಗೆ. ಹೊಸ ರೇಡಾರಿನ ದೃಷ್ಟಿ ಇಷ್ಟು ದೂರ, ಹೊಸ ಕ್ಷಿಪಣಿಯ ವೇಗ ಇಷ್ಟು ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದಾಗ ನಾವು ಸಂತೋಷಪಡೋಣ. ಅದರೊಡನೆ ಇನ್ನೂ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಕಂಡದ್ದು ಯಾರಿಗೆ, ಎಷ್ಟು ಹೊತ್ತಿನಲ್ಲಿ ತಿಳಿಯುತ್ತದೆ? ತನ್ನವರನ್ನು ಅದು ಗುರುತಿಸಬಲ್ಲುದೇ? ನಡುವಿನ ತಂತಿ ಕಡಿದರೆ ಎರಡನೆಯ ದಾರಿಯುಂಟೇ? ಬೆಳಗ್ಗೆ 7 ಗಂಟೆ ಕಳೆದ ಮೇಲೂ ಮೇಜಿನ ಮುಂದೆ ತರಬೇತಿ ಪಡೆದವರು ಇರುವರೇ? ಇವೆಲ್ಲವನ್ನೂ ಒಟ್ಟಿಗೆ ಕೂಡಿಸಿ, ನಿಜವಾದ ಅಣಕು ದಾಳಿಯಲ್ಲಿ ಪರೀಕ್ಷಿಸಿ ನೋಡಿದವರು ಯಾರು?

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಗಾದೆಯನ್ನು ನಾವು ಆಲಸಿಗಳನ್ನು ಕುರಿತು ಆಡುತ್ತೇವೆ. ಹವಾಯಿಯಲ್ಲಿ ಆಲಸಿಗಳಿರಲಿಲ್ಲ, ಶಸ್ತ್ರಗಳೂ ಕಡಮೆಯಿರಲಿಲ್ಲ. ಶಸ್ತ್ರಗಳೆಲ್ಲ ಕೂಡಿ ಕೆಲಸ ಮಾಡುವ ಅಭ್ಯಾಸ ಮಾತ್ರ ಇರಲಿಲ್ಲ. ಬಿಗಿನ್ ಹಿಲ್ಲಿನವರು ಇಲ್ಲದ ರೇಡಾರನ್ನು ಇದೆಯೆಂದು ಭಾವಿಸಿ ನಾಲ್ಕು ವರ್ಷ ಮುಂಚಿತವಾಗಿಯೇ ಆ ಅಭ್ಯಾಸವನ್ನು ಆರಂಭಿಸಿದ್ದರು.